ಸ್ಟ್ಯಾಟಿಕ್ ಎರಡೂಕಾಲು ನಿಮಿಷದಿಂದ ಮೇಲೇಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಉಸಿರು ಹಿಡಿದು ನೀರಿಗೆ ಮುಳುಗುವ ಫ್ರೀಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿ ಆರು ತಿಂಗಳಾಯಿತು. ನೀರಿನಲ್ಲಿ ಮುಖ ಮುಳುಗಿಸಿ ಅಲ್ಲಾಡದೆ ಉಸಿರು ಹಿಡಿಯುವ ಸ್ಟ್ಯಾಟಿಕ್‌ನಲ್ಲಿ ನನ್ನ ಸಮಯ ಮೂರು ತಿಂಗಳಿಂದ 2:15ರಲ್ಲೇ ನಿಂತುಬಿಟ್ಟಿದೆ. ಹಿಡಿಯುವ ಮುನ್ನ ಇಪ್ಪತ್ತು ಸಲ ಜೋರಾಗಿ, ಆಳವಾಗಿ ಉಸಿರಾಡುತ್ತೇನೆ. ಸುಮಾರು 1:20ಕ್ಕೆ ಹೊಟ್ಟೆ ಎಳೆಯಲು ಶುರುವಾಗುತ್ತದೆ, ಆಮೇಲೆ ಒದ್ದಾಟ. ನಾಲ್ಕು ನಿಮಿಷ ಮುಟ್ಟುವ ಆಸೆ. ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿಸಬೇಕೇ? ಯಾವ ಟೇಬಲ್ (ಹಿಡಿತ, ವಿಶ್ರಾಂತಿಗಳ ಸಮಯಪಟ್ಟಿ) ಮಾಡಬೇಕು, ವಾರಕ್ಕೆ ಎಷ್ಟು ಸಲ? ಜೊತೆಗಾರರು ಸಿಗದ ದಿನ ಎದೆಮಟ್ಟದ ಈಜುಕೊಳದಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದೇ? ಕಷ್ಟವಾದರೆ ಎದ್ದು ನಿಲ್ಲಬಹುದಲ್ಲ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ, ಅದು ಕಾಯುವಂಥದ್ದಲ್ಲ. ಬೇಡ. ಎದೆಮಟ್ಟದ ನೀರಿರಲಿ, ಮೊಣಕಾಲುಮಟ್ಟದ ನೀರಿರಲಿ, ಬಾತ್‌ಟಬ್ಬೇ ಇರಲಿ, ಒಬ್ಬರೇ ಇದ್ದಾಗ ನೀರಿನಲ್ಲಿ ಉಸಿರು ಹಿಡಿಯಬೇಡಿ. ‘ಕಷ್ಟವಾದರೆ ಎದ್ದು ನಿಲ್ಲುತ್ತೇನೆ’ ಎನ್ನುವ ಲೆಕ್ಕ ನಂಬಿಕೊಂಡಿರುವುದು ಕಷ್ಟ ಮೊದಲು ಬರುತ್ತದೆ, ಪ್ರಜ್ಞೆ ಆಮೇಲೆ ತಪ್ಪುತ್ತದೆ ಎಂಬುದನ್ನು. ನೀವು ಹೇಳಿದ ಆ ಇಪ್ಪತ್ತು ಜೋರು ಉಸಿರುಗಳು ಅಳಿಸಿಹಾಕುವುದು ಸರಿಯಾಗಿ ಈ ಕ್ರಮವನ್ನೇ. ಪ್ರಜ್ಞೆ ತಪ್ಪುವಾಗ ಕಣ್ಣು ಕತ್ತಲಿಟ್ಟು ಸೂಚನೆ ಕೊಡುತ್ತದೆ ಎಂದೂ ನಂಬಬೇಡಿ. ಬಹಳ ಮಂದಿಗೆ ಅದು ತಪ್ಪಿದ್ದೇ ಗೊತ್ತಾಗುವುದಿಲ್ಲ, ಎಚ್ಚರವಾದ ಮೇಲೂ ‘ನಾನು ಚೆನ್ನಾಗಿಯೇ ಇದ್ದೆ’ ಎಂದು ವಾದಿಸುತ್ತಾರೆ. ಜೊತೆಗಾರರಿಲ್ಲದ ದಿನಕ್ಕೆ ಒಣನೆಲದ ಅಭ್ಯಾಸವಿದೆ. ಹಾಸಿಗೆಯ ಮೇಲೆ ಮಲಗಿ ಮಾಡುವ ಆ ಅಭ್ಯಾಸದಿಂದಲೇ ನಿಮಗೆ ಬೇಕಾದ ಪ್ರಗತಿಯ ಬಹುಭಾಗ ಬರುತ್ತದೆ.

ಈಗ, ಸಮಯ ಯಾಕೆ ನಿಂತಿದೆ ಎಂಬುದು. ನಿಮ್ಮಲ್ಲಿ ಆಮ್ಲಜನಕ ಮುಗಿದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪೂರ್ತಿ ತುಂಬಿದ ಶ್ವಾಸಕೋಶದಲ್ಲಿ ಸುಮಾರು 6 ಲೀಟರ್ ಗಾಳಿ ಎಂದುಕೊಂಡರೆ ಅದರಲ್ಲಿ ಆಮ್ಲಜನಕ ಹೆಚ್ಚುಕಡಿಮೆ 1 ಲೀಟರ್. ರಕ್ತದಲ್ಲಿ ಇನ್ನೂ ಸುಮಾರು ಅಷ್ಟೇ ಇರುತ್ತದೆ, ಸ್ನಾಯುಗಳಲ್ಲಿ ಸ್ವಲ್ಪ. ಆರಾಮವಾಗಿ ಮಲಗಿರುವ ವಯಸ್ಕರ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಅಂದರೆ 2:15ಕ್ಕೆ ಖರ್ಚಾಗುವುದು 560 ಮಿಲಿಲೀಟರ್ ಆಸುಪಾಸು. ಇದ್ದದ್ದನ್ನೆಲ್ಲ ಬಳಸಲು ಆಗುವುದಿಲ್ಲ, ಅದಕ್ಕೆ ಬಹಳ ಮೊದಲೇ ಮಿದುಳು ಕೈಚೆಲ್ಲುತ್ತದೆ, ನಿಜ. ಆದರೂ ನೀವು ತಲೆ ಎತ್ತುವ ಹೊತ್ತಿಗೆ ರಕ್ತದ ಆಮ್ಲಜನಕ ಮಟ್ಟ ಸಾಮಾನ್ಯವಾಗಿ ಶೇ 90ರ ಮೇಲೆಯೇ ಇರುತ್ತದೆ. ನಿಮ್ಮನ್ನು ಎಬ್ಬಿಸುತ್ತಿರುವುದು ಆಮ್ಲಜನಕದ ಕೊರತೆಯಲ್ಲ, ಏರುತ್ತಿರುವ ಕಾರ್ಬನ್ ಡೈಆಕ್ಸೈಡ್.

ಉಸಿರಾಡಬೇಕೆಂಬ ತುಡಿತವನ್ನು ಮುಖ್ಯವಾಗಿ ಹುಟ್ಟಿಸುವುದು ಈ ಅನಿಲವೇ. ಅದು ಒಂದು ಮಟ್ಟ ದಾಟಿದಾಗ ಮಿದುಳಿನ ಕಾಂಡ ಶ್ವಾಸಕೋಶದ ಕೆಳಗಿನ ಸ್ನಾಯುಪದರವಾದ ವಪೆಗೆ ‘ಎಳೆ’ ಎಂದು ಆಜ್ಞೆ ಕೊಡುತ್ತದೆ. ಗಂಟಲು ಮುಚ್ಚಿರುವುದರಿಂದ ಗಾಳಿ ಬರುವುದಿಲ್ಲ, ಹೊಟ್ಟೆ ಮಾತ್ರ ಜಗ್ಗುತ್ತದೆ. ನೀವು ಹೇಳಿದ ಎಳೆತ, ಫ್ರೀಡೈವರ್‌ಗಳ ಮಾತಿನ ಕಾಂಟ್ರಾಕ್ಷನ್, ಇದೇ. ಅದು ಅಪಾಯದ ಗಂಟೆಯಲ್ಲ, ಪೆಟ್ರೋಲ್ ಮುಗಿಯಿತೆಂದು ಹೇಳುವ ದೀಪವೂ ಅಲ್ಲ. ಜೋರು ಉಸಿರಾಟವಿಲ್ಲದೆ ಶುರು ಮಾಡಿದ ಹೆಚ್ಚಿನವರಿಗೆ ಮೊದಲ ಎಳೆತ ಬರುವುದು ಅವರ ನಿಜವಾದ ಸಾಮರ್ಥ್ಯದ ಅರ್ಧದ ಆಸುಪಾಸಿನಲ್ಲಿ.

ಆಮ್ಲಜನಕವೇ ನಿಜವಾದ ಗಡಿಯಾಗುವುದು ಬಹಳ ಮುಂದೆ ಹೋದವರಿಗೆ. 2009ರ ಜೂನ್‌ನಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸೂದ್ ಸಾಮಾನ್ಯ ಗಾಳಿ ತುಂಬಿಕೊಂಡು 11:35 ಉಸಿರು ಹಿಡಿದರು. 2021ರಲ್ಲಿ ಕ್ರೊಯೇಷಿಯಾದ ಬುಡಿಮಿರ್ ಶೋಬಾತ್ ಮೊದಲು ಶುದ್ಧ ಆಮ್ಲಜನಕ ಉಸಿರಾಡಿ 24:37 ಹಿಡಿದರು. ಎರಡರ ನಡುವಿನ ಅಂತರ ನೋಡಿದರೆ ಪರಿಣತರಿಗೆ ಗೋಡೆ ಎಲ್ಲಿದೆ ಎಂಬುದು ತಿಳಿಯುತ್ತದೆ. (ಆಮ್ಲಜನಕದ ಪ್ರಯೋಗ ವೈದ್ಯರ ನಿಗಾದಲ್ಲಿ ನಡೆಯಬೇಕಾದದ್ದು, ಅಭ್ಯಾಸಕ್ಕೆ ಖಂಡಿತ ಅಲ್ಲ.) ಎರಡೂಕಾಲು ನಿಮಿಷದಲ್ಲಿರುವವರ ಗೋಡೆ ಅದಲ್ಲ. ಹಾಗಾಗಿ ಶ್ವಾಸಕೋಶ ದೊಡ್ಡದು ಮಾಡುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಬೇಕಾದದ್ದು ಎರಡೇ: ಇರುವುದನ್ನು ಕಡಿಮೆ ಖರ್ಚು ಮಾಡುವುದು, ಎಳೆತ ಬಂದ ಮೇಲೆ ಗಾಬರಿಯಾಗದೆ ಇರುವುದು.

ಆ ಇಪ್ಪತ್ತು ಉಸಿರುಗಳನ್ನು ಇಂದೇ ಬಿಡಿ

ಸುಮ್ಮನೆ ಕೂತವರ ರಕ್ತ ಈಗಾಗಲೇ ಶೇ 97-98ರಷ್ಟು ಆಮ್ಲಜನಕ ತುಂಬಿಕೊಂಡಿರುತ್ತದೆ. ಜೋರಾಗಿ ಉಸಿರಾಡಿದರೆ ಅದಕ್ಕೆ ಸೇರುವುದು ಅತ್ಯಲ್ಪ, ಹೊರಗೆ ಹೋಗುವುದು ಮಾತ್ರ ಭಾರಿ ಪ್ರಮಾಣದ ಕಾರ್ಬನ್ ಡೈಆಕ್ಸೈಡ್. ಅದು ಕಡಿಮೆಯಾದ ಕೂಡಲೇ ಎಳೆತ ತಡವಾಗುತ್ತದೆ, ಆರಂಭ ಹಗುರವೆನಿಸುತ್ತದೆ. ಆದರೆ ಪ್ರಜ್ಞೆ ತಪ್ಪುವ ಗಡಿ ಮುಂದಕ್ಕೆ ಹೋಗುವುದಿಲ್ಲ, ಎಳೆತಕ್ಕೂ ಆ ಗಡಿಗೂ ನಡುವಿನ ಜಾಗ ಕಿರಿದಾಗುತ್ತದೆ ಅಷ್ಟೇ. ಜೋರಾಗಿ ಉಸಿರಾಡಿ ನೀರೊಳಗೆ ಈಜಿದವರು ಮುನ್ಸೂಚನೆಯಿಲ್ಲದೆ ಪ್ರಜ್ಞೆ ಕಳೆದುಕೊಳ್ಳುವುದು ಹೇಗೆಂದು ಅಮೆರಿಕದ ಶರೀರವಿಜ್ಞಾನಿ ಆಲ್ಬರ್ಟ್ ಕ್ರೇಗ್ 1961ರಲ್ಲೇ ವೈದ್ಯಕೀಯ ಬರಹದಲ್ಲಿ ವಿವರಿಸಿದ್ದರು. ಇಷ್ಟು ವರ್ಷಗಳಾದರೂ ಈಜುಕೊಳಗಳಲ್ಲಿ ಜೀವ ಹೋಗುವುದು ಅದೇ ದಾರಿಯಲ್ಲಿ.

ಇನ್ನೂ ಎರಡು ನಷ್ಟಗಳಿವೆ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ. ಜೊತೆಗೆ ಅಷ್ಟು ಉಸಿರಾಟದಿಂದ ನಾಡಿಬಡಿತವೂ ಏರುತ್ತದೆ. ಉಳಿತಾಯ ಮಾಡಬೇಕಾದ ಹೊತ್ತಿನಲ್ಲಿ ನೀವು ಖರ್ಚಿನಿಂದ ಆರಂಭಿಸಿದಂತಾಯಿತು. ಬೆರಳ ತುದಿ, ತುಟಿ ಜುಮ್ಮೆನ್ನುವುದು, ತಲೆ ಹಗುರಾಗುವುದು, ಸಣ್ಣಗೆ ತಲೆ ತಿರುಗುವುದು ಇವೆಲ್ಲ ಅತಿ ಉಸಿರಾಟದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಆ ಸುತ್ತನ್ನು ಕೈಬಿಟ್ಟು, ಎರಡು ಮೂರು ನಿಮಿಷ ಮಾಮೂಲಿ ಉಸಿರಾಡಿ. ಭಸ್ತ್ರಿಕಾ, ಕಪಾಲಭಾತಿಯಂಥ ವೇಗದ ಉಸಿರಾಟಗಳೂ ಇದೇ ಕೆಲಸ ಮಾಡುತ್ತವೆ. ಅವುಗಳ ಬೆನ್ನಿಗೇ ನೀರಿಗಿಳಿಯಬಾರದು.

ಬದಲಿಗೆ ಹೀಗೆ ಮಾಡಿ. ಎರಡರಿಂದ ಮೂರು ನಿಮಿಷ ನಿಮ್ಮ ಸಹಜ ಉಸಿರಾಟವನ್ನೇ ಹೊಟ್ಟೆಯಿಂದ ನಡೆಸಿ. ಉಸಿರು ಒಳಗೆ ಸುಮಾರು 4 ಸೆಕೆಂಡು, ಹೊರಗೆ 6ರಿಂದ 8 ಸೆಕೆಂಡು. ಉದ್ದ ಮಾಡಿ, ದೊಡ್ಡದು ಮಾಡಬೇಡಿ. ಇಲ್ಲಿ ಬಹುತೇಕರು ಎಡವುತ್ತಾರೆ. ನಿಧಾನವಾಗಿ ಉಸಿರಾಡುತ್ತಿದ್ದೇನೆ ಎಂದುಕೊಂಡು ಪ್ರತಿ ಉಸಿರಿನಲ್ಲೂ ಎದೆ ತುಂಬಿಸಿದರೆ ಅದೂ ಅತಿ ಉಸಿರಾಟವೇ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಉಸಿರಿನ ಸದ್ದು ಕೇಳಿಸಬಾರದು, ಅಳತೆ ಅಷ್ಟೇ. ಕೊನೆಯಲ್ಲಿ ಒಮ್ಮೆ ಪೂರ್ತಿಯಾಗಿ ಹೊರಗೆ ಬಿಟ್ಟು, ಹೊಟ್ಟೆಯಿಂದ ಶುರುಮಾಡಿ ಪಕ್ಕೆಲುಬು, ಆಮೇಲೆ ಎದೆಯ ಮೇಲ್ಭಾಗದವರೆಗೆ ಒಂದೇ ಓಟದಲ್ಲಿ ತುಂಬಿಸಿ. ಭುಜ ಕಿವಿಯ ಕಡೆ ಏರಿದ್ದರೆ ಇಳಿಸಿ. ಬಿರಿಯುವಷ್ಟು ತುಂಬಬೇಡಿ, ಶೇ 90-95 ಸಾಕು. ಕಿಕ್ಕಿರಿದ ಎದೆ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ, ಕತ್ತಿನ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ಬಾಯಿಯಿಂದ ಗಾಳಿ ನುಂಗಿ ನುಂಗಿ ಶ್ವಾಸಕೋಶಕ್ಕೆ ತುರುಕುವ ಪ್ಯಾಕಿಂಗ್ ಎಂಬ ತಂತ್ರವನ್ನು ನಿಮ್ಮ ಹಂತದಲ್ಲಿ ಮುಟ್ಟಲೇಬೇಡಿ. ಅದರಿಂದ ಶುರುವಿನಲ್ಲೇ ತಲೆಸುತ್ತಿ ಬೀಳಬಹುದು, ಶ್ವಾಸಕೋಶಕ್ಕೆ ಗಾಯವೂ ಆಗಬಹುದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಜೋರು ಉಸಿರು ಬಿಟ್ಟ ಮೊದಲ ವಾರಗಳಲ್ಲಿ ನಿಮ್ಮ ಸಮಯ ಇಳಿಯುತ್ತದೆ. ಎಳೆತ 1:20ರ ಬದಲು ಒಂದು ನಿಮಿಷಕ್ಕೂ ಮೊದಲೇ ಬರಬಹುದು, 2:15 ಎಂಬುದು 1:50 ಆಗಬಹುದು. ಇದು ಹಿನ್ನಡೆಯಲ್ಲ, ನಿಮ್ಮ ನಿಜವಾದ ಅಂಕಿ ಈಗಷ್ಟೇ ಕಾಣಿಸಿತು. ಈ ಇಳಿತಕ್ಕೆ ಹೆದರಿ ಹಳೆಯ ಚಾಳಿಗೆ ಮರಳುವವರೇ ಹೆಚ್ಚು. ಮೂರು ನಾಲ್ಕು ವಾರ ತಾಳಿಕೊಳ್ಳಿ.

ಖರ್ಚು ಎಲ್ಲಿ ಸೋರುತ್ತಿದೆ

ಬಿಗಿಹಿಡಿದ ಸ್ನಾಯು ಸುಮ್ಮನೆ ಇರುವ ಸ್ನಾಯುವಿಗಿಂತ ಹೆಚ್ಚು ಆಮ್ಲಜನಕ ಸುಡುತ್ತದೆ, ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತದೆ. ಅಂದರೆ ನಿಮ್ಮನ್ನು ಎಬ್ಬಿಸುವ ಅನಿಲವನ್ನು ನೀವೇ ತಯಾರಿಸಿಕೊಳ್ಳುತ್ತಿದ್ದೀರಿ. ಸಾಮಾನ್ಯವಾಗಿ ಬಿಗಿ ಅಡಗಿರುವ ಜಾಗಗಳು ಹುಬ್ಬಿನ ನಡುವೆ, ದವಡೆ, ನಾಲಿಗೆಯ ಬುಡ, ಕುತ್ತಿಗೆಯ ಹಿಂಭಾಗ, ಭುಜ, ಬೆರಳುಗಳು, ತೊಡೆ. ಉಸಿರು ಹಿಡಿದ ಮೊದಲ ನಿಮಿಷ ಇವುಗಳ ಮೇಲೆ ಇದೇ ಕ್ರಮದಲ್ಲಿ ಗಮನ ಇಳಿಸುತ್ತಾ ಬನ್ನಿ. ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಂಡಿದ್ದೀರಾ? ಬಿಡಿ. ಹಲ್ಲು ಕಚ್ಚಿಕೊಂಡಿದೆಯಾ? ಬಿಡಿ. ಗಾಳಿಯನ್ನು ತಡೆಯಬೇಕಾದದ್ದು ಮುಚ್ಚಿದ ಗಂಟಲು ಮಾತ್ರ, ಕೆನ್ನೆ, ಹೊಟ್ಟೆ, ಎದೆಗಳಿಗೆ ಅಲ್ಲಿ ಯಾವ ಕೆಲಸವೂ ಇಲ್ಲ.

ಗಡಿಯಾರ ನೋಡುವುದೂ ಒಂದು ಖರ್ಚು. ಕಣ್ಣು ಮುಚ್ಚಿ, ಸಮಯ ನೋಡುವ ಕೆಲಸ ಜೊತೆಗಾರರಿಗೋ, ಒಣನೆಲದಲ್ಲಾದರೆ ಫೋನಿನ ಮೆಲುದನಿಗೋ ವಹಿಸಿ. ನೀರಿನಲ್ಲಿ ಚಳಿ ಇನ್ನೊಂದು ಸೋರಿಕೆ. 27-28 ಡಿಗ್ರಿಯ ನೀರು ಈಜುವವರಿಗೆ ಹಿತ, ಆದರೆ ಅಲ್ಲಾಡದೆ ಇಪ್ಪತ್ತು ನಿಮಿಷ ತೇಲಿದರೆ ಮೈ ತಣ್ಣಗಾಗುತ್ತದೆ. ನಡುಕ ಶುರುವಾದರೆ ಆ ದಿನದ ಒಳ್ಳೆಯ ಸಮಯ ಮುಗಿದಂತೆ. 3 ಮಿಲಿಮೀಟರ್‌ನ ವೆಟ್‌ಸೂಟ್ ಹಾಕಿಕೊಳ್ಳಿ. ಅದು ಮೈಯನ್ನು ತೇಲಿಸುತ್ತದೆ, ಕಾಲು ಮುಳುಗದಂತೆಯೂ ನೋಡಿಕೊಳ್ಳುತ್ತದೆ. ಎದೆಯ ಸುತ್ತ ಮಾತ್ರ ಬಿಗಿಯಾಗಿರಬಾರದು.

ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದಿರಲಿ. ಜೀರ್ಣಕ್ರಿಯೆಗೂ ಆಮ್ಲಜನಕ ಬೇಕು, ತುಂಬಿದ ಹೊಟ್ಟೆ ವಪೆಯನ್ನು ಇಳಿಯಲೂ ಬಿಡುವುದಿಲ್ಲ. ಕೆಫೀನ್ ನಾಡಿಬಡಿತ ಏರಿಸುತ್ತದೆ, ಅಭ್ಯಾಸದ ಮುನ್ನ ಬೇಡ. ಧೂಮಪಾನವಿದ್ದರೆ ಉಳಿದ ಸಲಹೆಗಳಿಗಿಂತ ಅದನ್ನು ಬಿಡುವುದೇ ದೊಡ್ಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಜಾಗ ಕಬಳಿಸುತ್ತದೆ.

ಮುಖ ಒದ್ದೆಯಾದಾಗ ಏನಾಗುತ್ತದೆ

ಉಸಿರು ಹಿಡಿದು ಮುಖವನ್ನು ತಣ್ಣೀರಿಗೆ ಒಡ್ಡಿದರೆ ನಾಡಿಬಡಿತ ಇಳಿಯುತ್ತದೆ, ಕೈಕಾಲುಗಳ ರಕ್ತನಾಳಗಳು ಕಿರಿದಾಗಿ ರಕ್ತ ಮಿದುಳು ಮತ್ತು ಹೃದಯದ ಕಡೆ ಉಳಿಯುತ್ತದೆ. ಹಣೆ, ಕಣ್ಣು, ಮೂಗಿನ ಸುತ್ತಲಿನ ಚರ್ಮದಿಂದ ಹೋಗುವ ಸಂದೇಶವೇ ಇದರ ಕೀಲಿಕೈ. ಆದ್ದರಿಂದ ಸ್ಟ್ಯಾಟಿಕ್‌ಗೆ ದೊಡ್ಡ ಮಾಸ್ಕ್ ಬೇಡ, ಮೂಗಿನ ಕ್ಲಿಪ್ ಸಾಕು, ಬೇಕಿದ್ದರೆ ಚಿಕ್ಕ ಈಜು ಕನ್ನಡಕ.

ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದ್ದು (ಸ್ಪ್ಲೀನ್) ಇನ್ನೂ ಕುತೂಹಲದ ಸಂಗತಿ. ಅದು ಕೆಂಪು ರಕ್ತಕಣಗಳನ್ನು ಕೂಡಿಟ್ಟುಕೊಂಡಿರುತ್ತದೆ. ಕೆಲವು ಸಲ ಸತತವಾಗಿ ಉಸಿರು ಹಿಡಿದಾಗ ಕುಗ್ಗಿ ಆ ಕಣಗಳನ್ನು ರಕ್ತಕ್ಕೆ ಬಿಡುತ್ತದೆ, ಹಿಮೋಗ್ಲೋಬಿನ್ ಶೇಕಡಾ ಕೆಲವು ಅಂಶ ಏರುತ್ತದೆ. ಮೂರು ನಾಲ್ಕು ಸುತ್ತುಗಳಲ್ಲಿ ಇದು ಗರಿಷ್ಠಕ್ಕೆ ಬರುತ್ತದೆ, ಹತ್ತು ನಿಮಿಷ ಸುಮ್ಮನಿದ್ದರೆ ಬಹುಮಟ್ಟಿಗೆ ಕರಗುತ್ತದೆ. ಮೊದಲ ಪ್ರಯತ್ನಕ್ಕಿಂತ ಮೂರನೆಯದು ಹಗುರವೆನಿಸುವುದಕ್ಕೆ ಒಂದು ಕಾರಣ ಇದು. ಹಾಗಾಗಿ ಗರಿಷ್ಠ ಪ್ರಯತ್ನದ ದಿನ ಹೀಗೆ ನಡೆಸಿ: ಮೊದಲು 1:00, ಎಳೆತ ಬರುವ ಮುನ್ನವೇ ಎದ್ದುಬಿಡಿ. ಮೂರು ನಿಮಿಷ ವಿಶ್ರಾಂತಿ. ಎರಡನೆಯದು ಮೊದಲ ಎಳೆತ ಬಂದ ಮೇಲೆ ಐದು ಎಳೆತ ಎಣಿಸುವವರೆಗೆ. ನಾಲ್ಕು ನಿಮಿಷ ವಿಶ್ರಾಂತಿ. ಮೂರನೆಯದು ಹತ್ತು ಎಳೆತ. ಮತ್ತೆ ನಾಲ್ಕೈದು ನಿಮಿಷ. ಆಮೇಲೆ ಗರಿಷ್ಠ, ಒಂದೇ ಸಲ. ಒಂದು ಕೂಟದಲ್ಲಿ ಎರಡು ಮೂರು ಗರಿಷ್ಠ ಪ್ರಯತ್ನ ಮಾಡುವವರಿಗೆ ಸಿಗುವುದು ಸುಸ್ತು ಮಾತ್ರ, ಅಪಾಯವೂ ಏರುತ್ತಾ ಹೋಗುತ್ತದೆ.

ಟೇಬಲ್‌ಗಳು

ಎರಡು ಬಗೆ ಕೇಳಿರುತ್ತೀರಿ. ಕಾರ್ಬನ್ ಡೈಆಕ್ಸೈಡ್ ಟೇಬಲ್‌ನಲ್ಲಿ ಉಸಿರು ಹಿಡಿಯುವ ಸಮಯ ಒಂದೇ ಇರುತ್ತದೆ, ನಡುವಿನ ವಿಶ್ರಾಂತಿ ಕುಗ್ಗುತ್ತದೆ. ಆಮ್ಲಜನಕ ಟೇಬಲ್‌ನಲ್ಲಿ ವಿಶ್ರಾಂತಿ ಒಂದೇ, ಹಿಡಿಯುವ ಸಮಯ ಏರುತ್ತದೆ, ಕೊನೆಯ ಸುತ್ತು ಗರಿಷ್ಠದ ಶೇ 80 ದಾಟುವುದಿಲ್ಲ.

ನಿಮಗೆ ಬೇಕಾದದ್ದು ಮೊದಲನೆಯದು. ಜೋರು ಉಸಿರಿಲ್ಲದ ನಿಮ್ಮ ಹೊಸ ಗರಿಷ್ಠ 1:50 ಬಂತು ಎಂದಿಟ್ಟುಕೊಳ್ಳಿ, ಅದರ ಅರ್ಧ 55 ಸೆಕೆಂಡು. ಎಂಟು ಸುತ್ತು, ಪ್ರತಿಯೊಂದೂ 55 ಸೆಕೆಂಡು. ಮೊದಲ ಸುತ್ತಿಗೆ ಮುನ್ನ 2:00 ಉಸಿರಾಟ, ಆಮೇಲೆ 1:45, 1:30, 1:15, 1:00, 0:45, 0:30, ಕೊನೆಯದಕ್ಕೆ ಮುನ್ನ 0:15. ಎಲ್ಲ ಸೇರಿ ಹದಿನಾರೂವರೆ ನಿಮಿಷದೊಳಗೆ ಮುಗಿಯುತ್ತದೆ. ಐದನೆಯ ಆರನೆಯ ಸುತ್ತಿನಲ್ಲಿ ಎಳೆತ ಬರಬೇಕು, ಎಂಟನೆಯದರಲ್ಲಿ ಚೆನ್ನಾಗಿಯೇ ಬರಬೇಕು. ಎಂಟೂ ಸಲೀಸಾಗಿ ಮುಗಿದರೆ ಎರಡು ಸಾಧ್ಯತೆ: ಹಿಡಿಯುವ ಸಮಯ ಕಡಿಮೆ, ಇಲ್ಲವೇ ವಿಶ್ರಾಂತಿಯಲ್ಲಿ ನೀವು ಗೊತ್ತಿಲ್ಲದೆ ಜೋರಾಗಿ ಉಸಿರಾಡುತ್ತಿದ್ದೀರಿ. ಎರಡನೆಯದೇ ಹೆಚ್ಚು ಸಾಮಾನ್ಯ. 15 ಸೆಕೆಂಡಿನಲ್ಲಿ ಎಂಟು ಉಸಿರು ಎಳೆದುಕೊಂಡರೆ ಟೇಬಲ್‌ನ ಉದ್ದೇಶವೇ ಕೆಟ್ಟಿತು. ಅಲ್ಲಿ ಮೂರು ಶಾಂತ ಉಸಿರು ಸಾಕು. ಎರಡು ಕೂಟ ಸರಾಗವಾದ ಮೇಲೆ ಹಿಡಿಯುವ ಸಮಯಕ್ಕೆ 5 ಸೆಕೆಂಡು ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು, ನಡುವೆ ಒಂದು ದಿನ ಬಿಡುವು. ದಿನವೂ ಮಾಡುವವರಲ್ಲಿ ಮೊದಲು ಸಾಯುವುದು ಉತ್ಸಾಹ: ಹಾಸಿಗೆ ಕಂಡರೇ ಮೈ ಬಿಗಿಯಾಗತೊಡಗುತ್ತದೆ.

ಆಮ್ಲಜನಕ ಟೇಬಲ್ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಮೂರು ನಿಮಿಷದೊಳಗಿರುವವರಿಗೆ ಅದರಿಂದ ದೊಡ್ಡ ಲಾಭವಿಲ್ಲ, ಯಾಕೆಂದರೆ ಆ ಸಮಯಗಳಲ್ಲಿ ಆಮ್ಲಜನಕ ನಿಜವಾಗಿ ಕೆಳಗಿಳಿಯುವುದೇ ಇಲ್ಲ. ಅದರ ಬದಲು ಎಳೆತದ ಜೊತೆ ಸ್ನೇಹ ಬೆಳೆಸುವ ಒಂದು ಅಭ್ಯಾಸವನ್ನು ವಾರಕ್ಕೊಮ್ಮೆ, ಒಣನೆಲದಲ್ಲಿ ಮಾತ್ರ, ಮಾಡಿ. ಉಸಿರು ಹಿಡಿಯಿರಿ. ಮೊದಲ ಎಳೆತ ಬಂದ ಕ್ಷಣದಿಂದ ಎಣಿಕೆ ಶುರು, ಹತ್ತು ಎಳೆತ ಆದ ಮೇಲೆ ಬಿಡಿ. ಮೂರು ಉಸಿರು. ಮತ್ತೆ ಹಿಡಿಯಿರಿ. ಹೀಗೆ ಆರು ಸುತ್ತು. ಇಲ್ಲಿ ಗಡಿಯಾರಕ್ಕೆ ಬೆಲೆಯಿಲ್ಲ. ಕೆಲವು ವಾರಗಳಲ್ಲಿ ಹತ್ತನ್ನು ಹದಿನೈದು, ಇಪ್ಪತ್ತು ಮಾಡಿ.

ಎಳೆತ ಬಂದಾಗ ಅದನ್ನು ತಡೆಯಲು ಹೊಟ್ಟೆ ಗಟ್ಟಿ ಮಾಡಿಕೊಳ್ಳುವುದು ಸಹಜವಾದ ತಪ್ಪು. ತಡೆದಷ್ಟೂ ಮುಂದಿನದು ಜೋರಾಗಿ ಬರುತ್ತದೆ. ಹೊಟ್ಟೆ ಸಡಿಲ ಬಿಟ್ಟು ಅದು ಜಗ್ಗಲು ಬಿಡಿ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸಣ್ಣ ಬಿಡುವಿದೆ, ಭುಜ ಮತ್ತು ದವಡೆಯನ್ನು ಮತ್ತೊಮ್ಮೆ ಸಡಿಲಿಸುವುದು ಆ ಬಿಡುವಿನಲ್ಲಿ. ‘ಇನ್ನೂ ಎಷ್ಟು ಹೊತ್ತು’ ಎಂದು ಕೇಳಿಕೊಳ್ಳುವುದಕ್ಕಿಂತ ‘ಇನ್ನು ಐದು ಎಳೆತ’ ಎಂದುಕೊಳ್ಳುವುದು ಮನಸ್ಸಿಗೆ ಎಷ್ಟೋ ಹಗುರ.

ಒಣನೆಲದ ಅಭ್ಯಾಸಕ್ಕೂ ನಿಯಮಗಳಿವೆ. ಮಲಗಿಯೇ ಮಾಡಿ. ನಿಂತು ಅಥವಾ ಕುರ್ಚಿಯಲ್ಲಿ ಕೂತು ಬೇಡ, ಬಿದ್ದರೆ ಪೆಟ್ಟಾಗುತ್ತದೆ. ವಾಹನ ಓಡಿಸುವಾಗ ಎಂದೂ ಬೇಡ. ಮುಗಿದ ಕೂಡಲೇ ಧಡಕ್ಕನೆ ಏಳಬೇಡಿ. ಒಬ್ಬರೇ ಇದ್ದಾಗ ಟೇಬಲ್ ಮಾಡಬಹುದು, ಗರಿಷ್ಠ ಪ್ರಯತ್ನ ಬೇಡ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಬಹುದು, ಅಂಕಿ ಕಂಡಾಗ ‘ಇನ್ನೂ ಆಮ್ಲಜನಕ ಇದೆ’ ಎಂಬ ಧೈರ್ಯ ಬರುತ್ತದೆ. ಆದರೆ ಬೆರಳಿಗೆ ರಕ್ತ ಹೋಗುವುದು ಈ ಹೊತ್ತಿನಲ್ಲಿ ಕಡಿಮೆಯಾಗಿರುತ್ತದೆ, ಅಂಕಿ ತಡವಾಗಿ ಬರುತ್ತದೆ. ಅತಿ ಕಡಿಮೆ ಅಂಕಿ ಕಾಣಿಸುವುದು ನೀವು ಮತ್ತೆ ಉಸಿರಾಡಲು ಶುರುಮಾಡಿದ ಮೇಲೆ. ಕಲಿಯಲು ಅದು ಸರಿ, ಸುರಕ್ಷತೆಯ ಸಾಧನವೆಂದು ನಂಬಲಾಗದು.

ನೀರಿನಲ್ಲಿ, ಜೊತೆಗಾರರೊಂದಿಗೆ

ಜೊತೆಗಾರರು ದಡದಲ್ಲಿ ಫೋನು ಹಿಡಿದು ಕೂತವರಲ್ಲ. ಸೊಂಟದಿಂದ ಎದೆಮಟ್ಟದ ನೀರಿನಲ್ಲಿ ನಿಮ್ಮ ಪಕ್ಕ ನಿಂತು, ಒಂದು ಕೈ ನಿಮ್ಮ ಮೈಗೆ ತಾಗುವಷ್ಟು ಹತ್ತಿರ ಇರುವವರು. ಸಂಜ್ಞೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಅವರು ತೋಳನ್ನು ಒತ್ತಿದರೆ ನೀವು ತೋರುಬೆರಳನ್ನು ಸ್ಪಷ್ಟವಾಗಿ ಎತ್ತಬೇಕು. 1:00ಕ್ಕೆ ಮೊದಲ ಸಂಜ್ಞೆ, ಆಮೇಲೆ 30 ಸೆಕೆಂಡಿಗೊಮ್ಮೆ, ನಿಮ್ಮ ಹಳೆಯ ಗರಿಷ್ಠಕ್ಕೆ ಅರ್ಧ ನಿಮಿಷ ಇದೆ ಎನ್ನುವಾಗಿನಿಂದ 15 ಸೆಕೆಂಡಿಗೊಮ್ಮೆ. ಬೆರಳು ಏಳದಿದ್ದರೆ ತಕ್ಷಣ ಇನ್ನೊಮ್ಮೆ ಒತ್ತಿ ಹೆಸರು ಕರೆಯಬೇಕು. ಆಗಲೂ ಉತ್ತರವಿಲ್ಲದಿದ್ದರೆ ಯೋಚನೆ ಬೇಡ, ಮುಖ ನೀರಿನಿಂದ ಮೇಲೆತ್ತಿಬಿಡಬೇಕು. ಒಂದು ಒಳ್ಳೆಯ ಪ್ರಯತ್ನ ಹಾಳಾದರೆ ಆಗಲಿ. ಗುಳ್ಳೆಗಳು ಹೊರಬರುವುದು, ಕೈ ನಡುಗುವುದು, ಜೋರಾಗಿ ಬರುತ್ತಿದ್ದ ಎಳೆತ ಇದ್ದಕ್ಕಿದ್ದಂತೆ ನಿಂತು ಮೈ ಮೆತ್ತಗಾಗುವುದು ಕಂಡರೆ ಸಂಜ್ಞೆಗೂ ಕಾಯಬಾರದು.

ತಲೆ ಎತ್ತಿದ ಮೇಲಿನ ಅರ್ಧ ನಿಮಿಷವನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹೊಸ ಗಾಳಿಯ ಆಮ್ಲಜನಕ ಶ್ವಾಸಕೋಶದಿಂದ ಮಿದುಳು ಮುಟ್ಟಲು ಹಲವು ಸೆಕೆಂಡು ಬೇಕು, ಅಷ್ಟರಲ್ಲಿ ಮಟ್ಟ ಇನ್ನೂ ಇಳಿಯುತ್ತಿರುತ್ತದೆ. ಎದ್ದು, ನಕ್ಕು, ‘ಎಷ್ಟಾಯಿತು?’ ಎಂದು ಕೇಳಿದ ಮೇಲೆ ಪ್ರಜ್ಞೆ ತಪ್ಪಿದವರಿದ್ದಾರೆ. ಮೇಲೆ ಬಂದ ಕೂಡಲೇ ‘ಹಾ…’ ಎಂದು ಎಲ್ಲ ಗಾಳಿಯನ್ನು ಊದಿಬಿಡುವುದು ಇದಕ್ಕೆ ನೆರವಾಗುವ ದೊಡ್ಡ ತಪ್ಪು, ಉಳಿದ ಆಮ್ಲಜನಕವೂ ಎದೆಯೊಳಗಿನ ಒತ್ತಡವೂ ಒಟ್ಟಿಗೇ ಬಿದ್ದುಹೋಗುತ್ತವೆ. ದಡವನ್ನು ಎರಡೂ ಕೈಯಿಂದ ಹಿಡಿದು, ಸ್ವಲ್ಪ ಮಾತ್ರ ಗಾಳಿ ಬಿಟ್ಟು, ಚುರುಕಾಗಿ ಪೂರ್ತಿ ಎಳೆದುಕೊಂಡು, ಒಂದೆರಡು ಸೆಕೆಂಡು ಹಿಡಿದು ಮತ್ತೆ ಸ್ವಲ್ಪ ಬಿಡಿ. ಹೀಗೆ ಆರು ಸಲ. ಸುಲಭವಾಗಿ ಮುಗಿದ 1:00ರ ಸುತ್ತಿನ ನಂತರವೂ ಇದನ್ನೇ ಮಾಡಿ, ಬೇಕಾದ ದಿನ ಅದು ತಾನಾಗಿ ಬರಬೇಕು. ಜೊತೆಗಾರರು ಕನಿಷ್ಠ 30 ಸೆಕೆಂಡು ನಿಮ್ಮ ಮುಖದಿಂದ ಕಣ್ಣು ತೆಗೆಯಬಾರದು.

ಪ್ರಜ್ಞೆ ತಪ್ಪಿದರೆ ಜೊತೆಗಾರರು ಮಾಡಬೇಕಾದದ್ದು: ಮುಖವನ್ನು ಮೇಲಕ್ಕೆ ತಿರುಗಿಸಿ ನೀರಿನಿಂದ ಹೊರಗಿಡುವುದು, ಮೂಗಿನ ಕ್ಲಿಪ್, ಕನ್ನಡಕ ತೆಗೆಯುವುದು, ಕಣ್ಣಿನ ಸುತ್ತ ಗಾಳಿ ಊದುವುದು, ಕೆನ್ನೆ ತಟ್ಟುವುದು, ಹೆಸರು ಹಿಡಿದು ‘ಉಸಿರಾಡು’ ಎಂದು ಜೋರಾಗಿ ಹೇಳುವುದು. ಹೆಚ್ಚಿನವರು ಕೆಲವೇ ಸೆಕೆಂಡಿನಲ್ಲಿ ಉಸಿರೆಳೆದುಕೊಳ್ಳುತ್ತಾರೆ. ಸುಮಾರು 10 ಸೆಕೆಂಡಿನಲ್ಲಿ ಉಸಿರು ಬರದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಉಸಿರು ಕೊಟ್ಟು, ನೀರಿನಿಂದ ಹೊರತೆಗೆದು ತುರ್ತು ಸಹಾಯ ಕರೆಯಬೇಕು. ಪ್ರಜ್ಞೆ ತಪ್ಪಿದ ದಿನ, ಅಥವಾ ಪ್ರಜ್ಞೆ ಇದ್ದೂ ತಲೆ, ಕೈ ಹತೋಟಿ ತಪ್ಪಿ ನಡುಗಿದ ದಿನ, ಅಭ್ಯಾಸ ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಇಬ್ಬರೂ ಸೇರಿ ತಿಂಗಳಿಗೊಮ್ಮೆ ಆಡಿನೋಡಿ, ಓದಿದ್ದರಿಂದಷ್ಟೇ ಕೈಗೆ ಬರುವುದಿಲ್ಲ.

ಮುಂದಿನ ಎಂಟು ವಾರ

ಮೊದಲ ಎರಡು ವಾರ ಯಾವ ಟೇಬಲ್ಲೂ ಬೇಡ. ವಾರಕ್ಕೆ ಮೂರು ದಿನ, ಮೇಲೆ ಹೇಳಿದ ಶಾಂತ ಉಸಿರಾಟದ ನಂತರ ಮೊದಲ ಎಳೆತ ಬರುವವರೆಗೆ ಮಾತ್ರ ಐದು ಸಲ ಹಿಡಿಯಿರಿ, ನಡುವೆ ಮೂರು ನಿಮಿಷ. ಗಮನವೆಲ್ಲ ಮೈ ಸಡಿಲಿಸುವುದರ ಮೇಲಿರಲಿ. ಎರಡನೆಯ ವಾರದ ಕೊನೆಗೆ ಜೊತೆಗಾರರೊಂದಿಗೆ ನೀರಿನಲ್ಲಿ ಹೊಸ ಗರಿಷ್ಠ ಅಳೆಯಿರಿ. ಮೂರರಿಂದ ಆರನೆಯ ವಾರದವರೆಗೆ ಎರಡು ಕಾರ್ಬನ್ ಡೈಆಕ್ಸೈಡ್ ಟೇಬಲ್, ಒಂದು ಎಳೆತದ ಅಭ್ಯಾಸ, ಸಾಧ್ಯವಾದರೆ ಒಂದು ನೀರಿನ ಕೂಟ. ಏಳನೆಯ ವಾರ ಟೇಬಲ್ ಒಂದಕ್ಕೆ ಇಳಿಸಿ. ಎಂಟರಲ್ಲಿ ಮೂರು ದಿನ ಪೂರ್ತಿ ಬಿಡುವು ಕೊಟ್ಟು ಗರಿಷ್ಠ ಪ್ರಯತ್ನ. ಈ ಹಂತದಲ್ಲಿ ಬಹಳಷ್ಟು ಜನರಿಗೆ ಮೂರು ನಿಮಿಷ ಕೈಗೆಟುಕುವ ಗುರಿ. ನಾಲ್ಕು ಅದರ ಮುಂದಿನ ಮಾತು, ಅಷ್ಟೊತ್ತಿಗೆ ಆಮ್ಲಜನಕ ಟೇಬಲ್‌ಗೂ ಅರ್ಥ ಬಂದಿರುತ್ತದೆ.

ಒಂದು ಪುಸ್ತಕದಲ್ಲಿ ಪ್ರತಿ ಸಲವೂ ನಾಲ್ಕು ಸಂಗತಿ ಬರೆದಿಡಿ: ಮೊದಲ ಎಳೆತದ ಸಮಯ, ಒಟ್ಟು ಎಳೆತ, ಒಟ್ಟು ಸಮಯ, ಹಿಂದಿನ ರಾತ್ರಿಯ ನಿದ್ದೆ. ಮುಂದೆ ಮತ್ತೆ ಸಮಯ ನಿಂತರೆ ಕಾರಣ ಅದರಲ್ಲೇ ಸಿಗುತ್ತದೆ. ಮೊದಲ ಎಳೆತ ಬೇಗ ಬರುತ್ತಿದ್ದರೆ ಮೈ ಬಿಗಿ, ನಿದ್ದೆಗೇಡು, ಅಥವಾ ಅತಿಯಾದ ಅಭ್ಯಾಸ. ಎಳೆತ ತಡವಾಗಿ ಬಂದರೂ ನಾಲ್ಕೈದು ಎಳೆತಕ್ಕೇ ಎದ್ದುಬಿಡುತ್ತಿದ್ದರೆ ಮನಸ್ಸು ಹಿಂದೇಟು ಹಾಕುತ್ತಿದೆ, ಎಳೆತದ ಅಭ್ಯಾಸ ಹೆಚ್ಚಿಸಿ. ಎಳೆತ ತುಂಬ ತಡವಾಗಿ, ತೀರ ಕಡಿಮೆ ಬಂದು ತಲೆ ಹಗುರಾಗುತ್ತಿದ್ದರೆ ಹಳೆಯ ಜೋರು ಉಸಿರು ಮತ್ತೆ ನುಸುಳಿದೆ. ಎಲ್ಲವೂ ಸರಿಯಿದ್ದು ದಿನವಿಡೀ ಸುಸ್ತು ಎನಿಸಿದರೆ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ.

ಹೃದಯದ ತೊಂದರೆ, ಅಧಿಕ ರಕ್ತದೊತ್ತಡ, ಮೂರ್ಛೆರೋಗ, ಆಸ್ತಮಾ ಇದ್ದವರು, ಕಾರಣ ತಿಳಿಯದೆ ಹಿಂದೆ ಪ್ರಜ್ಞೆ ತಪ್ಪಿದವರು, ಗರ್ಭಿಣಿಯರು ಈ ಯಾವುದನ್ನೂ ವೈದ್ಯರನ್ನು ಕೇಳದೆ ಶುರುಮಾಡಬಾರದು. ನೆಗಡಿ, ಜ್ವರವಿದ್ದ ವಾರ ಟೇಬಲ್ ನಿಲ್ಲಿಸಿ, ಮರಳಿ ಆರಂಭಿಸುವಾಗ ಹಿಡಿಯುವ ಸಮಯವನ್ನು 10 ಸೆಕೆಂಡು ಇಳಿಸಿಕೊಂಡು ಹೊರಡಿ.